ಬೆಣ್ಣೆ ಕೊಟ್ಟು ತುಪ್ಪಕ್ಕೆ ಅಲೆಯುವವರು

ಸೋಲುತ್ತಲೇ ಇರುವ ಒಂದು ತಂಡ. ಅದರಲ್ಲಿ ನಿಜಕ್ಕೂ ದೊಡ್ಡ ಆಟಗಾರ ಅನ್ನಿಸಿಕೊಳ್ಳುವವನು ಒಬ್ಬನೇ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇಂಥ ತಂಡಕ್ಕೆ ಪಂಡಿತರು ಕೊಡುವ ಸಲಹೆಯೊಂದಿದೆ: ‘ನಿಮ್ಮ ತಂಡ ಎದ್ದು ನಿಲ್ಲುವ ಹೊತ್ತಿಗೆ ಇವನಿಗೆ ವಯಸ್ಸಾಗಿರುತ್ತದೆ. ಬೆಲೆ ಇರುವಾಗಲೇ ಬೇರೆ ತಂಡಕ್ಕೆ ಕೊಟ್ಟುಬಿಡಿ. ಬದಲಿಗೆ ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಹಕ್ಕುಗಳನ್ನು ಪಡೆಯಿರಿ.’ ಕೇಳಲು ಜಾಣತನದ ಮಾತು. ನನ್ನ ಪ್ರಕಾರ ಇದು ಅವಸರಕ್ಕೆ ತೊಡಿಸಿದ ಲೆಕ್ಕಾಚಾರದ ವೇಷ.

ಒಕ್ಲಹೋಮ ಸಿಟಿ ಥಂಡರ್ ತಂಡವನ್ನೇ ನೋಡಿ. 2020-21ರಲ್ಲಿ ಅದು 72 ಪಂದ್ಯಗಳಲ್ಲಿ ಗೆದ್ದದ್ದು 22. ಮರುವರ್ಷ 82ರಲ್ಲಿ 24. 2021ರ ಡಿಸೆಂಬರ್‌ನಲ್ಲಿ ಮೆಂಫಿಸ್ ಎದುರು 73 ಅಂಕಗಳಿಂದ ಸೋತಿತು. ಎನ್‌ಬಿಎ ಇತಿಹಾಸದಲ್ಲಿ ಅಷ್ಟು ದೊಡ್ಡ ಅಂತರದ ಸೋಲು ಇನ್ನೊಂದಿರಲಿಲ್ಲ. ಆ ತಂಡದ ಏಕೈಕ ತಾರೆ ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಗಾಯದಿಂದ ಅಂದು ಹೊರಗಿದ್ದ. ಅವನನ್ನು ಕೊಟ್ಟುಬಿಡಬೇಕೆಂಬ ಮಾತು ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು. ತಂಡ ಕೊಡಲಿಲ್ಲ. 2024-25ರಲ್ಲಿ ಅದು 68 ಪಂದ್ಯ ಗೆದ್ದು, ಒಕ್ಲಹೋಮಕ್ಕೆ ಬಂದ ಮೇಲಿನ ಮೊದಲ ಪ್ರಶಸ್ತಿ ಪಡೆಯಿತು. ಋತುವಿನ ಶ್ರೇಷ್ಠ ಆಟಗಾರನೂ ಫೈನಲ್ಸ್‌ನ ಶ್ರೇಷ್ಠ ಆಟಗಾರನೂ ಶಾಯ್‌ನೇ. ಅಂದು ಅವನ ವಯಸ್ಸು 26. ‘ಅಷ್ಟು ಹೊತ್ತಿಗೆ ವಯಸ್ಸಾಗಿರುತ್ತದೆ’ ಎಂಬ ವಾದಕ್ಕೆ ಈ ಒಂದು ಸಂಖ್ಯೆ ಸಾಕು.

ಆ ಫೈನಲ್ಸ್‌ನಲ್ಲಿ ಎದುರಾಳಿಯಾಗಿದ್ದ ಇಂಡಿಯಾನಾ ಪೇಸರ್ಸ್ ತಂಡದ ಚುಕ್ಕಾಣಿ ಟೈರೀಸ್ ಹ್ಯಾಲಿಬರ್ಟನ್ ಕೈಯಲ್ಲಿತ್ತು. ಮೊದಲ ಪಂದ್ಯದಲ್ಲಿ 0.3 ಸೆಕೆಂಡ್ ಉಳಿದಿದ್ದಾಗ ಚೆಂಡನ್ನು ಬುಟ್ಟಿಗೆ ಹಾಕಿ ಗೆಲ್ಲಿಸಿದವನು ಅವನೇ. 2022ರ ಫೆಬ್ರವರಿಯವರೆಗೆ ಅವನು ಸ್ಯಾಕ್ರಮೆಂಟೊ ಕಿಂಗ್ಸ್ ತಂಡದಲ್ಲಿದ್ದ. ಇಪ್ಪತ್ತೊಂದರ ಆ ಹುಡುಗನನ್ನು ಕೊಟ್ಟು ಕಿಂಗ್ಸ್ ಡೊಮಾಂಟಾಸ್ ಸಬೋನಿಸ್‌ನನ್ನು ತಂದಿತು. ಹ್ಯಾಲಿಬರ್ಟನ್ ಮತ್ತು ಡಿಆರನ್ ಫಾಕ್ಸ್ ಇಬ್ಬರೂ ಚೆಂಡು ಹಿಡಿದು ಆಟ ಕಟ್ಟುವವರು, ಇಬ್ಬರ ಅಗತ್ಯವಿಲ್ಲ ಎಂಬುದು ತರ್ಕ.

ಕಿಂಗ್ಸ್‌ಗೆ ಏನೂ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮರುವರ್ಷವೇ 48 ಪಂದ್ಯ ಗೆದ್ದು, ಹದಿನಾರು ವರ್ಷಗಳಿಂದ ಕಾಣದ ಪ್ಲೇಆಫ್ ಕಂಡಿತು. ಅಷ್ಟು ಕಾದಿದ್ದ ಊರಿನ ಸಂಭ್ರಮವನ್ನು ನಾನು ಹಂಗಿಸುವುದಿಲ್ಲ. ಆದರೆ ಮೊದಲ ಸುತ್ತಿನಲ್ಲೇ ಸೋತಿತು; ಅದರ ಮುಂದಿನ ವರ್ಷ ಪ್ಲೇಆಫ್ ತಲುಪಲೂ ಇಲ್ಲ. 2025ರ ಫೆಬ್ರವರಿಯಲ್ಲಿ ಫಾಕ್ಸ್ ಕೂಡ ಹೊರಟುಹೋದ. ಯಾರಿಗಾಗಿ ಹ್ಯಾಲಿಬರ್ಟನ್‌ನನ್ನು ಬಿಟ್ಟುಕೊಟ್ಟರೋ ಅವನೂ ಉಳಿಯಲಿಲ್ಲ.

ಎದುರು ವಾದವೊಂದಿದೆ. ಒಕ್ಲಹೋಮ ಕೂಡ ಆಟಗಾರರನ್ನು ಕೊಟ್ಟು ಡ್ರಾಫ್ಟ್ ಹಕ್ಕು ಗುಡ್ಡೆ ಹಾಕಿಕೊಂಡೇ ಗೆದ್ದಿತಲ್ಲವೇ? ನಿಜ. ಆದರೆ ಯಾರನ್ನು ಕೊಟ್ಟು ಎಂಬುದು ಮುಖ್ಯ. 2019ರಲ್ಲಿ ಅದು ಕೊಟ್ಟದ್ದು ತಾನೇ ಹೊರಡಬೇಕೆಂದಿದ್ದ, 29 ವರ್ಷದ ಪಾಲ್ ಜಾರ್ಜ್‌ನನ್ನು. ಬದಲಿಗೆ ಪಡೆದ ಐದು ಮೊದಲ ಸುತ್ತಿನ ಹಕ್ಕುಗಳ ಜೊತೆಗೆ ಬಂದ ಹುಡುಗನೇ ಶಾಯ್. ಆ ಹಕ್ಕುಗಳಲ್ಲೊಂದರಿಂದ 2022ರಲ್ಲಿ ಸಿಕ್ಕ ಜೇಲನ್ ವಿಲಿಯಮ್ಸ್ ಶಾಯ್ ಪಕ್ಕದಲ್ಲಿ ನಿಂತು ಆಡಿದ. ಅಂದರೆ ಹಕ್ಕುಗಳನ್ನು ಬಳಸಿದ್ದು ತಾರೆಯ ಸುತ್ತ ತಂಡ ಕಟ್ಟಲು, ತಾರೆಯನ್ನೇ ಅದಕ್ಕೆ ಬಲಿ ಕೊಡಲು ಅಲ್ಲ. ಇದೇ ಸಂಸ್ಥೆ 2012ರಲ್ಲಿ ಇಪ್ಪತ್ತಮೂರರ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟಿತ್ತು. 2018ರಲ್ಲಿ ಆತ ಲೀಗಿನ ಶ್ರೇಷ್ಠ ಆಟಗಾರನಾದ. ಹಳೆಯ ಪೆಟ್ಟಿನಿಂದ ಪಾಠ ಕಲಿತಿತೆಂದೇ ನಾನು ನಂಬುತ್ತೇನೆ.

ಇನ್ನು ಡ್ರಾಫ್ಟ್ ಹಕ್ಕು ಎಂದರೇನು? 2019ರಿಂದ ಜಾರಿಗೆ ಬಂದ ಲಾಟರಿ ನಿಯಮದಂತೆ, ಲೀಗಿನಲ್ಲೇ ಅತಿ ಕೆಟ್ಟದಾಗಿ ಆಡಿದ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಇದ್ದದ್ದು ಶೇ. 14 ಮಾತ್ರ. ಸಿಕ್ಕರೂ ಆರಿಸುವುದು ಹತ್ತೊಂಬತ್ತು ಇಪ್ಪತ್ತರ ಹುಡುಗನನ್ನು; ಅವನು ಮುಂದೆ ಏನಾಗುತ್ತಾನೋ ಯಾರೂ ಬಲ್ಲವರಿಲ್ಲ. ಹ್ಯಾಲಿಬರ್ಟನ್ ಸಿಕ್ಕಿದ್ದೇ ಹನ್ನೆರಡನೆಯ ಆಯ್ಕೆಯಲ್ಲಿ. ತಂಡವನ್ನು ಹೊಸದಾಗಿ ಕಟ್ಟುವವರು ಸೋತು ಸೋತು ಹುಡುಕುವುದು ಇಂಥ ಒಬ್ಬನನ್ನೇ. ಸಿಕ್ಕವನನ್ನು ಕೊಟ್ಟು ಮತ್ತೆ ಹುಡುಕಲು ಹೊರಡುವುದೆಂದರೆ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಕಥೆಗಿಂತ ಒಂದು ಹೆಜ್ಜೆ ಮುಂದೆ: ಇವರು ಬೆಣ್ಣೆಯನ್ನೂ ಕೊಟ್ಟುಬಿಟ್ಟಿರುತ್ತಾರೆ.

ಆಟಗಾರನೇ ಇರಲೊಲ್ಲೆ ಎಂದರೆ ಮಾತು ಬೇರೆ. ಗಾಯದ ಭಯವೂ ಸುಳ್ಳಲ್ಲ. ಅದೇ ಫೈನಲ್ಸ್‌ನ ಏಳನೆಯ ಪಂದ್ಯದಲ್ಲಿ ಹ್ಯಾಲಿಬರ್ಟನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಆದರೆ ಆ ಭಯ ಇನ್ನೂ ಆಯ್ಕೆಯಾಗದ ಹುಡುಗನಿಗೂ ಇದ್ದದ್ದೇ.

ಇವೆಲ್ಲದರ ಹಿಂದೆ ಒಂದು ಪದವಿದೆ: ‘ಅಸೆಟ್’. ಆಡಳಿತ ಮಂಡಳಿಗಳು ಆಟಗಾರನನ್ನು ಕರೆಯುವುದು ಹಾಗೆ, ಈಗ ಅಭಿಮಾನಿಗಳೂ ಅದನ್ನೇ ಕಲಿತಿದ್ದಾರೆ. ಮನುಷ್ಯನನ್ನು ಆಸ್ತಿ ಎಂದು ಕರೆದ ಮೇಲೆ ಮಾರುವ ಯೋಚನೆ ತಾನಾಗಿ ಬರುತ್ತದೆ. ಯಾರೂ ಟಿಕೆಟ್ ಕೊಂಡು ಡ್ರಾಫ್ಟ್ ಹಕ್ಕು ನೋಡಲು ಹೋಗುವುದಿಲ್ಲ. ಸೋಲುವ ತಂಡದ ಅಂಗಣಕ್ಕೂ ಜನ ಬರುವುದು, ಬೆಳೆಯುತ್ತಿರುವ ಒಬ್ಬ ಹುಡುಗ ನಿನ್ನೆಗಿಂತ ಇಂದು ಏನು ಹೊಸದು ಮಾಡುತ್ತಾನೆ ಎಂದು ನೋಡಲಿಕ್ಕೆ. ಅವನನ್ನೂ ಕಳಿಸಿಬಿಟ್ಟರೆ ಅವರ ಪಾಲಿಗೆ ಉಳಿಯುವುದು ಸೋಲು ಮಾತ್ರ.