ಡೈರೆಕ್ಟ್ ಮಾಡಿ ಬಿಡೂಣ್ರಿ

ಕಬ್ಬಿನ ಸುಗ್ಗಿಯ ದಿನಗಳಲ್ಲಿ ನಮ್ಮ ಕಬ್ಬೂರಿನಿಂದ ಚಿಕ್ಕೋಡಿಗೆ ಕಾರು ನಡೆಸಿದವರಿಗೆ ತಾಳ್ಮೆಯ ಪಾಠವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ತೇಕುತ್ತ ಹೋಗುವ ಟ್ರ್ಯಾಕ್ಟರು, ಅದರ ಮುಂದೆ ಮತ್ತೊಂದು, ಎದುರಿಗೆ ಖಾಲಿ ಟ್ರೇಲರಿನ ಸಾಲು. ಅಂಥ ಒಂದು ಮಧ್ಯಾಹ್ನ ನಾಗರಮುನ್ನೋಳಿ ದಾಟಿದ ಮೇಲೆ ನನ್ನ ಹಳೆಯ ಮಾರುತಿ 800ರ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ನಮ್ಮ ಅತ್ತೆ, ಕಣ್ಣಿನ ಆಪರೇಶನ್ ಆಗಿ ಎಂಟು ದಿನ. ಮುಂದೆ ನನ್ನ ಪಕ್ಕದಲ್ಲಿ ಮೈದುನನ ಮಗ, ಒಂಬತ್ತನೇ ಇಯತ್ತೆಯ ಹುಡುಗ.

ನಿಲ್ಲಿಸುತ್ತ, ಆರಿಸುತ್ತ, ಹೇಗೋ ಚಿಕ್ಕೋಡಿಯ ಒಂದು ಗ್ಯಾರೇಜು ಮುಟ್ಟಿದೆ. ಬಾನೆಟ್ಟು ಎತ್ತಿದ ಮೇಸ್ತ್ರಿ ಕೇಳಿದ, “ಏನ ಆಗೇತೋ ತಮ್ಮಾ?” ಕೇಳಿದ್ದು ನನ್ನನ್ನಲ್ಲ, ಆ ಹುಡುಗನನ್ನು! ತನ್ನ ಸೈಕಲ್ಲಿಗೆ ಗಾಳಿ ತುಂಬಲೂ ಅಪ್ಪನನ್ನು ಕರೆಯುವ ಹುಡುಗ ನನ್ನ ಮುಖ ನೋಡಿದ. “ಗಾಡಿ ಓಡುವಾಗ ಮುಳ್ಳು ಇಳಿತೈತಿ, ನಿಧಾನ ಆದರ ಏರತೈತಿ” ಎಂದೆ ನಾನು. ಮೇಸ್ತ್ರಿ ತಲೆಯಾಡಿಸಿ ಮತ್ತೆ ಹುಡುಗನಿಗೇ ಹೇಳಿದ, “ಫ್ಯಾನ್ ತಿರಗವಲ್ದು. ಡೈರೆಕ್ಟ್ ಮಾಡಿ ಬಿಡೂಣು. ವಾಲ್ವೂ ತಗದ ಒಗೀತೀನಿ, ನಮ್ಮ ಬಿಸಿಲಿಗೆ ಅದೇನ ಬೇಕಾಗಿಲ್ಲ.” ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. 1,400 ರೂಪಾಯಿ ಕೊಟ್ಟೆ. ಕೊಟ್ಟದ್ದಲ್ಲದೆ “ಉಪಕಾರ ಆತಪ್ಪಾ” ಎಂದೂ ಅಂದೆ. ಈಗ ನೆನೆದರೆ ನಾಚಿಕೆಯಾಗುವುದು ಆ ಉಪಕಾರದ ಮಾತಿಗೆ.

‘ಡೈರೆಕ್ಟ್’ ಎಂದರೆ ಏನು ಎಂದು ನೀವು ಕೇಳಬಹುದು. ನಾನಂತೂ ಅಂದು ಕೇಳಲಿಲ್ಲ. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತಿತ್ತು. ಅದೇ ಬೆಲ್ಟಿನಿಂದ ಫ್ಯಾನನ್ನೂ ತಿರುಗಿಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡ ಮಲಗಿತು. ಎದುರಿನ ರೇಡಿಯೇಟರಿನ ಫ್ಯಾನಿಗೆ ಬೆಲ್ಟು ನಿಲುಕಲಿಲ್ಲ, ವಿದ್ಯುತ್ತಿನ ಮೋಟರು ಬಂತು. ಗಾಡಿ ಜೋರಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಫ್ಯಾನು ಬೇಕು. ಆಗ ಅದನ್ನು ಚಾಲು ಮಾಡುವುದು ನೀರಿನ ಬಿಸಿಯನ್ನು ಮುಟ್ಟಿ ನೋಡುತ್ತ ಕೂತಿರುವ ಒಂದು ಪುಟ್ಟ ಸ್ವಿಚ್ಚು. ನೀರು ಕಾದರೆ ಕೂಡಿಸುತ್ತದೆ, ಆರಿದರೆ ಬಿಡಿಸುತ್ತದೆ. ಈ ಸ್ವಿಚ್ಚಿನ ಕೆಲಸವನ್ನೇ ತಪ್ಪಿಸಿ, ಕೀಲಿ ತಿರುವಿದ ಕೂಡಲೇ ಫ್ಯಾನು ಸುಮ್ಮನೆ ತಿರುಗುತ್ತಿರುವಂತೆ ಮಾಡುವುದೇ ಡೈರೆಕ್ಟ್. ಇನ್ನು ಅವನು ಕಿತ್ತೊಗೆದ ವಾಲ್ವು, ಅಂದರೆ ಥರ್ಮೋಸ್ಟಾಟು, ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು. ಅದಿಲ್ಲದಿದ್ದರೆ ಎಂಜಿನ್ ತನ್ನ ಹದದ ಬಿಸಿಗೆ ಬರುವುದೇ ತಡ. ಪೆಟ್ರೋಲು ಹೆಚ್ಚು, ಸವೆತವೂ ಹೆಚ್ಚು. ಒಲೆಯ ಮೇಲೆ ಹಾಲಿಟ್ಟು ಫ್ಯಾನಿನ ಕೆಳಗೆ ಕಾಯಿಸಿದ ಹಾಗೆ.

ಮರುವರ್ಷದ ಸುಗ್ಗಿಯಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಮುಳ್ಳು ಮತ್ತೆ ಏರಿತು. ಈ ಸಲ ಬಾನೆಟ್ಟಿನ ಸಂದಿಯಿಂದ ಹಬೆಯೇ ಬಂತು. ಅತ್ತೆಯವರನ್ನು ಬೇವಿನ ಮರದ ಕೆಳಗೆ ಕೂಡಿಸಿ ಒಂದೂವರೆ ತಾಸು ಕಾದೆ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಕುಕ್ಕರಿನ ಸೀಟಿ ಇಳಿಯುವ ಮುನ್ನ ಮುಚ್ಚಳ ಎಳೆದವರ ಕೈ ಏನಾಗುತ್ತದೆಂದು ಯಾವ ಮೇಸ್ತ್ರಿ ನನಗೆ ಹೇಳಿಕೊಡಬೇಕು? ಎರಡರ ಒಳಗಿರುವುದೂ ಒತ್ತಡವೇ.

ಆದರೆ ಗ್ಯಾರೇಜಿಗೆ ಹೋಗಲು ಮನಸ್ಸಾಗಲಿಲ್ಲ. ನಮ್ಮೂರಲ್ಲೇ ಪಂಪಸೆಟ್ಟಿನ ಮೋಟರ್ ರಿವೈಂಡಿಂಗ್ ಮಾಡುವ ಮನೆಯೊಂದಿದೆ. ಹೊರಗೆ ಬೋರ್ಡು ಗಂಡನ ಹೆಸರಿನಲ್ಲಿ. ಒಳಗೆ ತಂತಿ ಸುತ್ತುತ್ತ ಕೂತಿರುವವಳು ಹೆಂಡತಿ. ಕೇಳಿದರೆ ಜನ “ಗಂಡಗ ಕೈ ಹಚ್ಚತಾಳ” ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಕೈ ಹಚ್ಚುತ್ತಲೇ ಇದ್ದಾಳೆ! ನನ್ನ ಕಥೆ ಕೇಳಿ ಅವಳು ಅಂದದ್ದು ಇಷ್ಟೇ: “ಬಾಯಾರ, ಮದಲ ಕರೆಂಟ್ ಮೋಟರ್ ತನಾ ಬರತೈತೇನ ನೋಡೂಣ್ರಿ. ಬಂದರ ಮೋಟರ್ ಕೆಟ್ಟೈತಿ, ಬರದಿದ್ದರ ಹಾದ್ಯಾಗ ಎಲ್ಲೋ ಕಡದೈತಿ. ನೋಡದ ಬಿಚ್ಚಬಾರದ್ರಿ.” ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಇಷ್ಟು ಸ್ವಚ್ಛವಾದ ಪಾಠ ಕೇಳಿ ಬಹಳ ದಿನವಾಗಿತ್ತು.

ಸೆರಗು ಟೊಂಕಕ್ಕೆ ಸಿಗಿಸಿ ಇಬ್ಬರೂ ಬಾನೆಟ್ಟಿಗೆ ಬಗ್ಗಿದೆವು. (ನೀವೂ ಸೆರಗು, ಜಡೆ, ಬಳೆಗಳನ್ನು ಜೋಪಾನ ಮಾಡಿಕೊಳ್ಳಿ; ಕೆಲವು ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನು ತಟ್ಟನೆ ತಿರುಗೀತು.) ಎಂಜಿನ್ ತಣ್ಣಗಿದ್ದಾಗ ನೀರು ನೋಡಿದೆವು, ನೀರು ಕಡಿಮೆಯಿದ್ದರೆ ಆ ಸ್ವಿಚ್ಚಿಗೆ ಬಿಸಿಯೇ ತಾಗದು. ತುಂಬಿದೆವು. ಫ್ಯೂಸು ನೋಡಿದೆವು, ಸರಿಯಿತ್ತು. ಎರಡು ತಂತಿ ಕಟ್ಟಿದ 12 ವೋಲ್ಟಿನ ಸಣ್ಣ ಬಲ್ಬನ್ನು ಮೋಟರಿನ ಸಾಕೆಟ್ಟಿಗೆ ಹಿಡಿದು ಕೀಲಿ ತಿರುವಿದಾಗ ಬಲ್ಬು ಝಗ್ಗೆಂದಿತು. ಕರೆಂಟು ಬಂದಿದೆ, ಮೋಟರೇ ಸೋತಿದೆ. ಬಿಚ್ಚಿದರೆ ಒಳಗಿನ ಕಾರ್ಬನ್ನು ಚೂರೂ ಉಳಿಯದಂತೆ ಸವೆದಿತ್ತು. ಸವೆಯದೆ ಏನು ಮಾಡೀತು? ಬೇಕಾದಾಗ ಮಾತ್ರ ತಿರುಗಬೇಕಾದದ್ದನ್ನು ವರ್ಷವಿಡೀ ದುಡಿಸಿದ್ದೆವು. ಹೊಸ ಕಾರ್ಬನ್ನಿಗೆ 150 ರೂಪಾಯಿ.

ಆಮೇಲೆ ಅವಳು ಸ್ವಿಚ್ಚಿನ ಕಡೆ ಬೆರಳು ತೋರಿಸಿದಳು. ಸಾಕೆಟ್ಟು ಕಿತ್ತು, ಅದರ ಎರಡು ತೂತಿಗೆ ತಂತಿಯ ತುಂಡೊಂದನ್ನು ಚುಚ್ಚಿ ಕಪ್ಪು ಟೇಪು ಸುತ್ತಿತ್ತು. 1,400 ರೂಪಾಯಿಯ ಕೆಲಸ ಅದು! ಸ್ವಿಚ್ಚು ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ನಿಮಿಷ ಹೀಗೆ ಕೂಡಿಸಿ ನೋಡುವುದುಂಟಂತೆ. ಫ್ಯಾನು ತಿರುಗಿದರೆ ದೋಷ ಸ್ವಿಚ್ಚಿನಲ್ಲಿ ಅಥವಾ ಅದರ ಹಲ್ಲಿನಲ್ಲಿ. ಪರೀಕ್ಷೆಗೆ ಮಾಡುವ ಜೋಡಣೆಯನ್ನೇ ಅವನು ನನಗೆ ರಿಪೇರಿ ಎಂದು ಮಾರಿದ್ದ. ಸ್ವಿಚ್ಚಿನ ಹಲ್ಲು ನೋಡಿದರೆ ಅದಕ್ಕೆ ಹಸಿರು ಕಿಲುಬು. ಅಡಿಗೆಮನೆಯ ತಾಮ್ರದ ತಂಬಿಗೆಗೆ ಹತ್ತುವಂಥದ್ದೇ.

ನನ್ನ ಸಿಟ್ಟು ಇಲ್ಲಿದೆ. ಮೇಸ್ತ್ರಿಗೆ ಗೊತ್ತಿರಲಿಲ್ಲವೆಂದು ಸಿಟ್ಟಲ್ಲ. ಅವರಿಗೆ ಕಲಿಸಿದವರು ಯಾರು? ಬಹಳ ಜನ ಹತ್ತು ಹನ್ನೆರಡನೇ ವಯಸ್ಸಿಗೆ ಪಾನಾ ಹಿಡಿದವರು. ಗಿರಾಕಿ ತಲೆಯ ಮೇಲೆ ನಿಂತು “ಲಗೂನ ಮಾಡು” ಎನ್ನುತ್ತಾನೆ. ಗಂಡಸರ ಗಾಡಿಗಳನ್ನೂ ಡೈರೆಕ್ಟ್ ಮಾಡುತ್ತಾರೆ, ಬಲ್ಲೆ. ಆದರೆ ಗಂಡಸಿಗೆ ಹೇಳಿ ಮಾಡುತ್ತಾರೆ. ಅವನು ಒಪ್ಪಬಹುದು, ಬೇಡವೆನ್ನಬಹುದು, ಕಿತ್ತ ವಾಲ್ವನ್ನು ಕೇಳಿ ಇಸಿದುಕೊಳ್ಳಬಹುದು. ಗಾಡಿ ನನ್ನದು, ಹಣ ನನ್ನದು, ಮೂರು ಸಲ ಆರ್.ಟಿ.ಓ.ಗೆ ಅಲೆದು ನೋಂದಣಿ ನವೀಕರಿಸಿದವಳು ನಾನು. ರೋಗದ ವಿವರ ಮಾತ್ರ ಒಂಬತ್ತನೇ ಇಯತ್ತೆಯ ಗಂಡಿಗೆ! 1974ರಲ್ಲಿ ಟೆಲ್ಕೋದವರು ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂದು ಅಚ್ಚು ಹಾಕಿಸಿದ್ದರು. ಅಚ್ಚಾಗಿತ್ತೆಂದೇ ನಮ್ಮ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯಾದವರು, ಜೆ.ಆರ್.ಡಿ. ಟಾಟಾರಿಗೆ ಕಾರ್ಡು ಬರೆದು ಜಗಳವಾಡಿ ಕೆಲಸವನ್ನೂ ಗಿಟ್ಟಿಸಿದರು. ಗ್ಯಾರೇಜಿನ ಬೋರ್ಡಿನ ಮೇಲೆ ಅಂಥದ್ದು ಬರೆದಿರುವುದಿಲ್ಲ. ಮುಖ ತಿರುಗಿಸಿ ಹೇಳುವ ಮಾತಿಗೆ ಯಾರಿಗೆ ಕಾರ್ಡು ಬರೆಯುವುದು?

ನಮ್ಮವರ ಮೇಲೂ ಸಿಟ್ಟಿದೆ. “ಇದೆಲ್ಲ ನಮಗ ಯಾಕ ಬೇಕ್ರಿ ವೈನೀ, ಫೋನ್ ಮಾಡಿದರ ಬರತಾರ” ಎನ್ನುತ್ತಾಳೆ ನನ್ನ ನೆರೆಯಾಕೆ. ಅವಳೇ ಮಿಕ್ಸರಿನ ಕಪ್ಲರ್ ಬದಲಿಸುತ್ತಾಳೆ, ಕುಕ್ಕರಿನ ಗ್ಯಾಸ್ಕೆಟ್ ತಿರುವಿ ಹಾಕುತ್ತಾಳೆ. ಅದು ಯಂತ್ರವಲ್ಲವೆ? 1888ರಲ್ಲಿ ಜರ್ಮನಿಯ ಬರ್ಟಾ ಬೆಂಜ್ ಗಂಡನಿಗೆ ಹೇಳದೆ ಅವನ ಮೋಟಾರುಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ, 100 ಕಿಲೋಮೀಟರಿಗೂ ಹೆಚ್ಚು, ಹೊರಟಳು. ಆ ಗಾಡಿಗೆ ಫ್ಯಾನೆಲ್ಲಿಯದು. ಕುದಿದು ಆವಿಯಾದಷ್ಟು ನೀರನ್ನು ದಾರಿಯುದ್ದಕ್ಕೂ ಸುರಿಯಬೇಕಿತ್ತು. ಇಂಧನದ ನಳಿಗೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳಂತೆ. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದ ಮೇಸ್ತ್ರಿ ಅವಳೇ, ತವರಿಗೆ ಹೊರಟ ಒಬ್ಬ ತಾಯಿ.

ವಾಲ್ವು ಕೊಳ್ಳಲು ಚಿಕ್ಕೋಡಿಗೆ ಹೋದೆ. 2014ರಲ್ಲಿ ಮಾರುತಿ 800 ತಯಾರಿಕೆ ನಿಂತರೂ ಸಾಮಾನು ಸಿಗುತ್ತದೆ. “ಯಾರಿಗೆ ಬೇಕ್ರಿ?” ಅಂದ ಅಂಗಡಿಯವ. “ನನಗ” ಅಂದೆ. ಕೂಡಿಸಲು ಅದೇ ಗ್ಯಾರೇಜಿಗೆ ಹೋದೆ, ಬೇಕೆಂದೇ. ಮೇಸ್ತ್ರಿ ಹುಡುಗನ ಕಡೆ ತಿರುಗುವಷ್ಟರಲ್ಲಿ ಹುಡುಗನನ್ನು ಚಹಾ ತರಲು ಕಳಿಸಿದೆ. ಮೇಸ್ತ್ರಿಗೆ ನನ್ನ ಹೊರತು ಮಾತಾಡಲು ಯಾರೂ ಉಳಿಯಲಿಲ್ಲ.

ಸಂಜೆ ಅಂಗಳದಲ್ಲಿ, ಉಪ್ಪುಕಾಗದದಿಂದ ತಿಕ್ಕಿದ ಹಲ್ಲಿಗೆ ಸಾಕೆಟ್ಟು ಕೂಡಿಸಿ, ಎಂಜಿನ್ ಚಾಲು ಮಾಡಿ ನಿಂತೆ. ತಂತಿ ಸುತ್ತುವ ನನ್ನ ಗುರುವೂ ಬಂದಿದ್ದಳು, ಕಟ್ಟೆಯ ಮೇಲೆ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಮುಳ್ಳು ನಡುವಿಗೆ ಬಂತು, ಅದನ್ನೂ ದಾಟಿತು. ಯಾರೂ ಮಾತಾಡಲಿಲ್ಲ. ಗುರ್ರೆಂದು ಫ್ಯಾನು ತಾನಾಗಿಯೇ ಎದ್ದಿತು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು, ಫ್ಯಾನು ತಾನಾಗಿಯೇ ನಿಂತಿತು. “ಕೆಟ್ಟತೇನ ಮತ್ತ?” ಎಂದರು ಅತ್ತೆ. “ಇಲ್ಲತ್ತೀ, ಈಗ ಸರಿ ಆತು” ಎಂದೆ.