ಹಾಡಿನ ಹಿಂದೊಂದು ಸಿಳ್ಳೆ

ಕಾರಿಗೆ ಹೊಸ ಸ್ಟೀರಿಯೋ ಹಾಕಿಸುವಾಗ ನೀವು ಏನೇನು ನೋಡುತ್ತೀರಿ? ನಾನಂತೂ ದೀಪದ ಬಣ್ಣ, ಹಾಡಿನ ಸದ್ದು, ಬೆಲೆ ಇಷ್ಟನ್ನೇ ನೋಡಿದ್ದೆ. ಹಿಂದಿನ ತಂತಿಗಳ ಗೊಡವೆ ಹೆಂಗಸರಿಗೇಕೆ ಎಂದುಕೊಂಡಿದ್ದೆ.

ಸ್ಟೀರಿಯೋ ಹಾಕಿಸಿದ ಮೂರನೆಯ ದಿನ ಪುಣೆಯಿಂದ ಬೆಳಗಾವಿಗೆ ಹೊರಟೆವು. ಹಾಡಿನ ಹಿಂದೆ 'ಕುಂಯ್' ಎಂಬ ಸಣ್ಣ ಸಿಳ್ಳೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿಯೂ ಏರುತ್ತಿತ್ತು! "ನಿನ್ನ ಕಿವಿಗೆ ಎಲ್ಲದರಲ್ಲೂ ಅಪಸ್ವರವೇ" ಎಂದರು ಯಜಮಾನರು. ಖಂಬಾಟ್ಕಿ ಘಾಟಿ ಏರುವಾಗ ಡ್ಯಾಶ್‌ಬೋರ್ಡಿನ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮೊಮ್ಮಗಳು ಮಲಗಿದ್ದಳು. ಅವಳನ್ನೆತ್ತಿಕೊಂಡು ಕೆಳಗಿಳಿದಾಗ ನನ್ನ ಕಾಲುಗಳು ಗಡಗಡ ನಡುಗುತ್ತಿದ್ದವು. ಇವರು ಇಂಜಿನ್ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಚ್ಚಿದ್ದರಿಂದ ಅಷ್ಟಕ್ಕೇ ಮುಗಿಯಿತು.

ಘಾಟಿಯಾಚೆಯಿಂದ ಬಂದ ವಯಸ್ಸಾದ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಿ ನನಗೇ ತೋರಿಸಿದರು. ಹಳದಿ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆದಿದ್ದರು, ನಡುವೆ ಫ್ಯೂಸೇ ಇಲ್ಲ! ಅದು ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಂಡಿತ್ತು. ತೂತಿಗೊಂದು ರಬ್ಬರ್ ಬಳೆ ಹಾಕಿದ್ದರೆ ಸಾಕಿತ್ತು. 12 ವೋಲ್ಟ್ ತಾನೆ, ಏನಾದೀತು ಎನ್ನಬೇಡಿ. ಮುಟ್ಟಿದರೆ ಶಾಕ್ ಹೊಡೆಯದಿರಬಹುದು, ಆದರೆ ಶಾರ್ಟ್ ಆದಾಗ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ತಂತಿ ಒಲೆಯ ಸುರುಳಿಯಂತೆ ಕಾಯುತ್ತದೆ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲೇ. ಸ್ಟೀರಿಯೋ ಬಳಿ ಮಾತ್ರ ಇದ್ದರೆ ಅಲ್ಲಿಯವರೆಗಿನ ತಂತಿಗೆ ಕಾವಲಿಲ್ಲ.

ಇನ್ನು ಆ ಸಿಳ್ಳೆ. ಕಪ್ಪು ತಂತಿ ಅರ್ಥಿಂಗಿನದು. ಮನೆಯಲ್ಲಿ ಅರ್ಥಿಂಗ್ ನೆಲಕ್ಕಿಳಿಯುತ್ತದೆ, ಕಾರು ನಿಂತಿರುವುದೋ ರಬ್ಬರ್ ಟೈರಿನ ಮೇಲೆ! ಇಲ್ಲಿ ತಗಡಿನ ಮೈಯೇ ಬ್ಯಾಟರಿಗೆ ಕರೆಂಟು ಮರಳುವ ದಾರಿ. ನಮ್ಮಲ್ಲಿ ಬಣ್ಣ ಬಳಿದ ತಗಡಿನ ಮೇಲೇ ಸ್ಕ್ರೂ ತಿರುಗಿಸಿದ್ದರು. ಹಿಡಿತ ಸರಿಯಿಲ್ಲದೆ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಸುಳಿತ್ತು. ಮೆಕ್ಯಾನಿಕ್ ರೂಪಾಯಿಯಗಲ ಬಣ್ಣ ಕೆರೆದು, ತಂತಿಯ ತುದಿಗೆ ರಿಂಗ್ ಒತ್ತಿ, ಬೋಲ್ಟ್ ಬಿಗಿದರು. ಸಿಳ್ಳೆ ನಿಂತೇಹೋಯಿತು. ಇವರು ನನ್ನ ಮುಖ ನೋಡಲಿಲ್ಲ.

ಸಿಳ್ಳೆಯಿಂದ ಕಾರು ಸುಡುವುದಿಲ್ಲ, ಫ್ಯೂಸ್ ಇಲ್ಲದ ತಂತಿಯಿಂದ ಸುಟ್ಟೀತು. ಆದ್ದರಿಂದ ಹಾಡು ಕೇಳಿ ಮೆಚ್ಚುವ ಮೊದಲು ಬಾನೆಟ್ ಎತ್ತಿಸಿ, ಫ್ಯೂಸ್ ಎಲ್ಲಿದೆ ತೋರಿಸು ಎನ್ನಿ. ನಾನು ಮರಳಿ ಬಂದು ಅಂಗಡಿಯವನನ್ನು ಇದನ್ನೇ ಕೇಳಿದೆ. "ಎಲ್ಲರಿಗೂ ಹೀಗೇ ಹಾಕ್ತೀವಿ ಕಾಕೂ" ಎಂದ, ನಗುತ್ತಾ.