ಕರವಸ್ತ್ರ ಎಲ್ಲಿಂದ ಬಂತು?

ಬಿ.ಎ. ಓದುವ ಹುಡುಗಿಯೊಬ್ಬಳು ಷೇಕ್ಸ್‌ಪಿಯರನ 'ಒಥೆಲೊ' ಹಿಡಿದುಕೊಂಡು ತಾಯಿಯ ಜತೆ ನಮ್ಮ ಮನೆಗೆ ಬಂದಿದ್ದಳು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ನೋಟ್ಸು, ಗೈಡು ಎಲ್ಲ ಓದಿ ಮುಗಿಸಿದ್ದಳು. ಯಾವ ಪಾತ್ರದ ಮೇಲೆ ಪ್ರಶ್ನೆ ಬರುತ್ತದೆ, ಎಷ್ಟು ಪುಟ ಬರೆದರೆ ಎಷ್ಟು ಅಂಕ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳ ತಕರಾರೇ ಬೇರೆ.

"ಇಷ್ಟೆಲ್ಲ ಯಾಕೆ ಸರ್? ಆ ಕರವಸ್ತ್ರ ನಿನ್ನ ಹತ್ತಿರ ಹೇಗೆ ಬಂತೂ ಅಂತ ಕ್ಯಾಸಿಯೊನ ಒಂದು ಮಾತು ಕೇಳಿದ್ದರೆ ನಾಟಕ ಅಲ್ಲಿಗೇ ಮುಗೀತಿತ್ತಲ್ಲ?"

ತಾಯಿ ನಕ್ಕರು. "ಪ್ರೀತಿ ಇದ್ದ ಕಡೆ ಸಂಶಯ ಇದ್ದದ್ದೇ ಕಣೇ. ಅಷ್ಟು ಪ್ರೀತಿ ಇತ್ತು, ಅದಕ್ಕೇ ಅವನಿಗೆ ತಡಕೊಳ್ಳೋಕೆ ಆಗಲಿಲ್ಲ."

ಆ ತಾಯಿಯ ಮಾತು ನಮ್ಮಲ್ಲಿ ಬಹುಮಂದಿಯ ಮಾತು. ಸಿನಿಮಾಗಳೂ ಅದನ್ನೇ ಹೇಳಿಕೊಟ್ಟಿವೆ. ಗೆಳತಿ ಬೇರೊಬ್ಬನ ಜತೆ ನಕ್ಕು ಮಾತಾಡಿದರೆ ಮುಖ ಊದಿಸಿಕೊಳ್ಳುವ ಹುಡುಗ, ಅವಳ ಮೊಬೈಲಿನ ಪಾಸ್‌ವರ್ಡ್ ಕೇಳುವ ಹುಡುಗ, 'ನೋಡು, ನನ್ನ ಮೇಲೆ ಎಷ್ಟು ಪ್ರೀತಿ ಅವನಿಗೆ' ಎಂದು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಹುಡುಗಿ, ಇವರನ್ನು ಯಾವ ಕಾಲೇಜಿನ ಕಟ್ಟೆಯ ಮೇಲೂ ಕಾಣಬಹುದು. ನನಗೇನೋ ಮಗಳ ತಕರಾರೇ ದೊಡ್ಡದೆನಿಸಿತು. ಅವನು ಯಾಕೆ ಕೇಳಲಿಲ್ಲ?

ಕಥೆ ಹಲವರಿಗೆ ಗೊತ್ತಿದ್ದದ್ದೇ. ಹತ್ತೊಂಬತ್ತನೆಯ ಶತಮಾನದಲ್ಲೇ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಇದನ್ನು 'ಶೂರಸೇನ ಚರಿತ್ರೆ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದರು. ಒಥೆಲೊ ವೆನಿಸ್ ಗಣರಾಜ್ಯದ ದಂಡನಾಯಕ. ಮೂರ್ ಜನಾಂಗದವನು, ಕಪ್ಪು ಬಣ್ಣದವನು, ವಯಸ್ಸು ಇಳಿಮುಖ. ಬ್ರಬಾನ್ಷಿಯೊ ಎಂಬ ದೊಡ್ಡ ಮನುಷ್ಯನ ಮಗಳು ಡೆಸ್ಡಿಮೋನಾ ತಂದೆಗೆ ಹೇಳದೆ ಅವನನ್ನು ಮದುವೆಯಾಗುತ್ತಾಳೆ. ತುರ್ಕರ ದಂಡು ಬರುತ್ತಿದೆಯೆಂದು ಗಂಡ ಹೆಂಡತಿ ಇಬ್ಬರೂ ಸೈಪ್ರಸ್ ದ್ವೀಪಕ್ಕೆ ಹೋಗುತ್ತಾರೆ. ತುರ್ಕರ ಹಡಗುಗಳೋ ಬಿರುಗಾಳಿಗೆ ಸಿಕ್ಕಿ ಹಾಳಾಗುತ್ತವೆ. ಹೊರಗಿನ ಶತ್ರು ಉಳಿಯುವುದಿಲ್ಲ. ಒಳಗೊಬ್ಬ ಇದ್ದಾನೆ, ಇಯಾಗೊ. ತನಗೆ ಬರಬೇಕಾದ ಹುದ್ದೆ ಕ್ಯಾಸಿಯೊ ಪಾಲಾಯಿತೆಂದು ಕುದಿಯುತ್ತಿರುವವನು. ಕ್ಯಾಸಿಯೊಗೂ ಡೆಸ್ಡಿಮೋನಾಗೂ ಸಂಬಂಧವಿದೆಯೆಂದು ಒಥೆಲೊನ ಕಿವಿಯಲ್ಲಿ ಊದುತ್ತಾನೆ. ರಂಗದ ಮೇಲಿನ ಲೆಕ್ಕ ಹಿಡಿದರೆ, ದ್ವೀಪಕ್ಕೆ ಕಾಲಿಟ್ಟ ಮಾರನೆಯ ರಾತ್ರಿಯೇ ಒಥೆಲೊ ಹೆಂಡತಿಯನ್ನು ಹಾಸಿಗೆಯ ಮೇಲೆ ಉಸಿರುಗಟ್ಟಿಸಿ ಕೊಲ್ಲುತ್ತಾನೆ. (ಆದರೆ ಅದೇ ನಾಟಕದಲ್ಲಿ ಒಬ್ಬಳು, ಕ್ಯಾಸಿಯೊ ಒಂದು ವಾರದಿಂದ ತನ್ನ ಮನೆಯತ್ತ ಸುಳಿದಿಲ್ಲ ಎಂದು ದೂರುತ್ತಾಳೆ! ವಿಮರ್ಶಕರು ಈ ಎರಡು ಲೆಕ್ಕಗಳನ್ನು ಹೊಂದಿಸಲು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ನಾಟಕ ನೋಡುತ್ತ ಕೂತವರಿಗೆ ಮಾತ್ರ ಅದು ಹೊಳೆಯುವುದೇ ಇಲ್ಲ.)

ಇಷ್ಟಕ್ಕೆಲ್ಲ ಸಾಕ್ಷಿ ಒಂದು ಕರವಸ್ತ್ರ. ಅದರ ಮೇಲೆ ಸ್ಟ್ರಾಬೆರಿ ಹಣ್ಣಿನ ಕಸೂತಿ. ಒಥೆಲೊ ಹೆಂಡತಿಗೆ ಕೊಟ್ಟ ಮೊದಲ ಕಾಣಿಕೆ. 1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ, ಒಂದು ಕರವಸ್ತ್ರಕ್ಕಾಗಿ ಇಷ್ಟು ರಾದ್ಧಾಂತವೇ, ಇದಕ್ಕೆ ಕರವಸ್ತ್ರದ ದುರಂತವೆಂದೇ ಹೆಸರಿಡಬಾರದಿತ್ತೇ ಎಂದು ಗೇಲಿ ಮಾಡಿದ. ಗೇಲಿಯಲ್ಲಿ ಅರ್ಧ ನಿಜವಿದೆ.

ಷೇಕ್ಸ್‌ಪಿಯರ್ ಈ ಕಥೆಯನ್ನು ತೆಗೆದುಕೊಂಡದ್ದು 1565ರಲ್ಲಿ ಅಚ್ಚಾದ ಚಿಂತಿಯೊ ಎಂಬ ಇಟಲಿಯ ಲೇಖಕನ ಕಥಾಸಂಗ್ರಹದಿಂದ. ಆ ಮೂಲದಲ್ಲಿ ದುಷ್ಟನೇ ಕರವಸ್ತ್ರ ಕದಿಯುತ್ತಾನೆ. ಅದೂ ಹೇಗೆ? ತನ್ನ ಮೂರು ವರ್ಷದ ಮಗಳನ್ನು ಆಕೆ ಎತ್ತಿಕೊಂಡು ಮುದ್ದಾಡುತ್ತಿರುವಾಗ, ಆಕೆಯ ಸೊಂಟದ ಪಟ್ಟಿಯಿಂದ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಎಂಥ ಸನ್ನಿವೇಶ! ಅಷ್ಟು ಚೆಂದದ ಸನ್ನಿವೇಶವನ್ನು ಷೇಕ್ಸ್‌ಪಿಯರ್ ಕೈಬಿಟ್ಟ. ಅವನ ನಾಟಕದಲ್ಲಿ ಒಥೆಲೊಗೆ ತಲೆನೋವು. ಇಯಾಗೊನ ಮಾತು ಆಗಲೇ ಒಳಗೆ ಇಳಿದಿದೆ. ಹೆಂಡತಿ ಹಣೆಗೆ ಕಟ್ಟುತ್ತೇನೆಂದು ಕರವಸ್ತ್ರ ತೆಗೆಯುತ್ತಾಳೆ. ಇದು ಚಿಕ್ಕದಾಯಿತು ಎಂದು ಅವನು ಸರಿಸಿಬಿಡುತ್ತಾನೆ. ಅದು ನೆಲಕ್ಕೆ ಬೀಳುತ್ತದೆ. ಬಿಡು ಅದನ್ನು ಎಂದು ಅವನೇ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಅಂದರೆ ಮುಂದೆ 'ಎಲ್ಲಿ ಕರವಸ್ತ್ರ?' ಎಂದು ಗುಡುಗುವ ಮನುಷ್ಯನೇ ಅದನ್ನು ಬೀಳಿಸಿದವನು. ಅವಳ ತಪ್ಪೆಂದರೆ ಗಂಡನ ತಲೆನೋವಿಗೆ ಮರುಗಿ ಬಟ್ಟೆಯನ್ನು ಮರೆತದ್ದು.

ಇಯಾಗೊನ ಜಾಣತನವನ್ನು ನಮ್ಮ ಹುಡುಗರು ಸ್ವಲ್ಪ ನಿಧಾನವಾಗಿ ಓದಬೇಕು. ಅವನು ಮೊದಲಿಗೆ ಏನನ್ನೂ ಹೇಳುವುದೇ ಇಲ್ಲ. ಕ್ಯಾಸಿಯೊ ಅತ್ತ ಹೋದದ್ದನ್ನು ನೋಡಿ, ಇದು ಸರಿಕಾಣಲಿಲ್ಲ ಎಂಬಂತೆ ಗೊಣಗುತ್ತಾನೆ. ಏನದು ಎಂದು ಒಥೆಲೊ ಕೇಳಿದರೆ, ಏನಿಲ್ಲ ಎನ್ನುತ್ತಾನೆ. ನಮ್ಮ ಮದುವೆ ಮನೆಗಳಲ್ಲಿ, ಹಿತ್ತಿಲ ಬಾಗಿಲುಗಳಲ್ಲಿ ಕೇಳಿದ್ದೇವಲ್ಲ, 'ಏನೋ ಹೇಳೋಣ ಅಂತಿದ್ದೆ... ಹೋಗ್ಲಿ ಬಿಡಿ, ನನಗ್ಯಾಕೆ', ಅದೇ ರಾಗ. ಅರ್ಧ ಹೇಳಿ ನಿಲ್ಲಿಸಿದ ಮಾತಿನ ಉಳಿದರ್ಧವನ್ನು ಕೇಳಿದವನೇ ತುಂಬಿಕೊಳ್ಳುತ್ತಾನೆ. ತಾನೇ ತುಂಬಿಕೊಂಡದ್ದರ ಮೇಲೆ ಯಾರಿಗೂ ಅಪನಂಬಿಕೆ ಬರುವುದಿಲ್ಲ.

ಇನ್ನು ಪಾಲಕರಿಗೆ ಒಂದು ಪುಟ. ಬ್ರಬಾನ್ಷಿಯೊ ಕೆಟ್ಟ ತಂದೆಯೇನಲ್ಲ. ಒಥೆಲೊನನ್ನು ಎಷ್ಟೋ ಸಲ ಮನೆಗೆ ಕರೆದು ಅವನ ಯುದ್ಧದ ಕಥೆಗಳನ್ನು ಕೇಳಿದವನೇ. ಮನೆಗೆಲಸದ ನಡುವೆ ಓಡಿಬಂದು ಆ ಕಥೆಗಳನ್ನು ಕದ್ದು ಕೇಳುತ್ತಿದ್ದ ಮಗಳು ಒಂದು ರಾತ್ರಿ ಮನೆ ಬಿಟ್ಟಳು. ಅಪ್ಪ ತುಂಬಿದ ಸಭೆಯಲ್ಲಿ ಕೇಳಿದ, ನಿನ್ನ ವಿಧೇಯತೆ ಯಾರಿಗೆ ಎಂದು. ನಿಮ್ಮ ಋಣ ನನಗಿದೆ, ಆದರೆ ಅಮ್ಮ ತನ್ನ ತಂದೆಗಿಂತ ನಿಮ್ಮನ್ನು ಹೆಚ್ಚೆಂದುಕೊಂಡ ಹಾಗೆ ನಾನೂ ಗಂಡನ ಕಡೆ ನಿಲ್ಲುತ್ತೇನೆ ಎಂದಳು ಮಗಳು. ಅಪ್ಪನ ಎದೆ ಒಡೆಯಿತು. ಹೋಗುತ್ತ ಅಳಿಯನಿಗೆ ಒಂದು ಮಾತು ಹೇಳಿಹೋದ: ಅಪ್ಪನಿಗೆ ಮೋಸ ಮಾಡಿದವಳು, ನಿನಗೂ ಮಾಡಿಯಾಳು, ಕಣ್ಣಿಟ್ಟಿರು.

ನೊಂದ ಹೊತ್ತಿನಲ್ಲಿ ಯಾವ ತಂದೆ ತಾಯಿ ಇಂಥ ಮಾತು ಆಡುವುದಿಲ್ಲ? ಆದರೆ ಅದನ್ನು ಕೇಳಿಸಿಕೊಂಡವರಲ್ಲಿ ಇಯಾಗೊನೂ ಇದ್ದ. ಸೈಪ್ರಸ್‌ನಲ್ಲಿ ಒಥೆಲೊನ ನಂಬಿಕೆ ಅಲುಗಾಡುವ ಗಳಿಗೆಯಲ್ಲಿ ಅವನು ತೆಗೆದು ಚುಚ್ಚುವುದು ಇದೇ ಮಾತನ್ನು. ನಿಮ್ಮನ್ನು ಮದುವೆಯಾಗಲು ಆಕೆ ತಂದೆಯನ್ನೇ ವಂಚಿಸಲಿಲ್ಲವೇ ಎನ್ನುತ್ತಾನೆ. ಒಥೆಲೊ ತಲೆದೂಗುತ್ತಾನೆ. ಇದನ್ನು ಉತ್ತರ ಪ್ರದೇಶದ ಹಳ್ಳಿಗಾಡಿಗೆ ಒಗ್ಗಿಸಿ ವಿಶಾಲ್ ಭಾರದ್ವಾಜ್ 2006ರಲ್ಲಿ 'ಓಂಕಾರ' ಎಂಬ ಹಿಂದಿ ಚಿತ್ರ ತೆಗೆದಾಗ ಕರವಸ್ತ್ರವನ್ನು ಸೊಂಟದ ಡಾಬು ಮಾಡಿದರು, ಹೆಸರುಗಳನ್ನೆಲ್ಲ ಬದಲಿಸಿದರು. ಅಪ್ಪನ ಆ ಮಾತನ್ನು ಮಾತ್ರ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ನಾಟಕದ ಕೊನೆಗೆ ಇನ್ನೊಂದು ಸುದ್ದಿ ಬರುತ್ತದೆ. ಮಗಳ ಮದುವೆಯ ಕೊರಗಿನಲ್ಲೇ ಬ್ರಬಾನ್ಷಿಯೊ ಸತ್ತಿದ್ದಾನೆ. ಮಗಳು ಸತ್ತದ್ದು ಅವನಿಗೆ ತಿಳಿಯಲಿಲ್ಲ, ಅವನು ಸತ್ತದ್ದು ಮಗಳಿಗೆ ತಿಳಿಯಲಿಲ್ಲ.

ಹುಡುಗಿಯ ಪ್ರಶ್ನೆಗೆ ಬರೋಣ. ಒಥೆಲೊ ಕೇಳುವುದೇ ಇಲ್ಲ ಎನ್ನುವಂತಿಲ್ಲ. ಕರವಸ್ತ್ರ ಕೊಡು, ಕೊಡು ಎಂದು ಹೆಂಡತಿಯ ಮೇಲೆ ಅಬ್ಬರಿಸುತ್ತಾನೆ. ಅದನ್ನು ಈಜಿಪ್ಟಿನ ಮಾಟಗಾತಿ ತನ್ನ ತಾಯಿಗೆ ಕೊಟ್ಟದ್ದು, ಅದು ಕಳೆದರೆ ಗಂಡನ ಪ್ರೀತಿಯೂ ಕಳೆಯುತ್ತದೆ ಎಂದು ಹೆದರಿಸುತ್ತಾನೆ. (ಕೊನೆಯ ಅಂಕದಲ್ಲಿ ಅದೇ ಕರವಸ್ತ್ರ ತನ್ನ ತಂದೆ ತಾಯಿಗೆ ಕೊಟ್ಟದ್ದು ಎನ್ನುತ್ತಾನೆ. ಎರಡರಲ್ಲಿ ಯಾವುದು ನಿಜವೋ!) ಹೆದರಿದ ಹುಡುಗಿ, ಕಳೆದಿಲ್ಲ ಎಂದು ಸುಳ್ಳು ಹೇಳಿಬಿಡುತ್ತಾಳೆ. ಮಕ್ಕಳು ಸುಳ್ಳು ಹೇಳುವುದು ಯಾವಾಗ ಎಂದು ಬಲ್ಲ ಪಾಲಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಅವನು ಬಾಯಿಗೆ ಬಂದಂತೆ ಬೈಯುವಾಗ ಅವಳೇ ಕೇಳುತ್ತಾಳೆ, ಯಾರ ಜತೆ, ನಾನು ಹೇಗೆ ತಪ್ಪಿದೆ ಎಂದು. ಅದಕ್ಕೆ ಅವನ ಬಾಯಿಂದ ಉತ್ತರ ಬರುವುದಿಲ್ಲ. ಕ್ಯಾಸಿಯೊನ ಹೆಸರು, ಕರವಸ್ತ್ರ ಅವನ ಕೈ ಸೇರಿತೆಂಬ ಆರೋಪ, ಇವೆರಡೂ ಅವಳ ಕಿವಿಗೆ ಬೀಳುವುದು ಕೊಲ್ಲಲು ಬಂದ ರಾತ್ರಿಯಲ್ಲೇ. ಆಗಲೂ ಅವಳು ಹೇಳುವುದು ಒಂದೇ, ಅವನನ್ನು ಕರೆಸಿ ಕೇಳಿ. ಅವನ ಬಾಯಿ ಆಗಲೇ ಮುಚ್ಚಿದೆ ಎನ್ನುತ್ತಾನೆ ಒಥೆಲೊ. ಇಯಾಗೊ ಅವನನ್ನು ಮುಗಿಸಿದ್ದಾನೆಂದೇ ಅವನ ನಂಬಿಕೆ.

ಕೇಳದೆ ಇದ್ದದ್ದಕ್ಕೆ ಕಾರಣ ಅವನ ಒಳಗೇ ಇದೆ. ತಾನು ಕಪ್ಪಗಿದ್ದೇನೆ, ವಯಸ್ಸಾಗಿದೆ, ಪೇಟೆಯ ಯುವಕರಂತೆ ನಯವಾಗಿ ಮಾತಾಡಲು ಬರುವುದಿಲ್ಲ ಎಂದು ತನ್ನೊಳಗೇ ಲೆಕ್ಕ ಹಾಕಿಕೊಳ್ಳುತ್ತಾನೆ. ಇಂಥ ತನ್ನನ್ನು ಅಂಥವಳು ಮೆಚ್ಚಿದ್ದೇ ಅವನಿಗೆ ಪೂರ್ತಿ ನಂಬಿಕೆಯಾಗಿರಲಿಲ್ಲ. ಕ್ಯಾಸಿಯೊನನ್ನು ಕೇಳಬೇಕೆಂದರೆ, 'ನನ್ನ ಹೆಂಡತಿ ನನಗಿಂತ ನಿನ್ನನ್ನು ಮೆಚ್ಚಿದ್ದಾಳೆಯೇ' ಎಂದು ಒಬ್ಬ ಚೆಲುವ ಯುವಕನ ಮುಂದೆ ನಿಲ್ಲಬೇಕು. ಎಷ್ಟೋ ರಣರಂಗ ಕಂಡ ದಂಡನಾಯಕನಿಗೆ ಆ ಧೈರ್ಯ ಬರಲಿಲ್ಲ. ಪ್ರೀತಿ ಹೆಚ್ಚಾಗಿ ಅವನು ಕೊಂದ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಅವನ ಗಮನವೆಲ್ಲ ಅವಳಿಂದ ಸರಿದು ತನ್ನ ಮೇಲೆ ನಿಂತುಬಿಟ್ಟಿತ್ತು.

ಇದೇ ನಾಟಕದಲ್ಲಿ ನೇರವಾಗಿ ಕೇಳಿದವಳು ಒಬ್ಬಳಿದ್ದಾಳೆ. ಬಿಯಾಂಕಾ. ಊರು ಮರ್ಯಾದೆ ಕೊಡದ ಹೆಂಗಸು, ಕ್ಯಾಸಿಯೊನನ್ನು ಪ್ರೀತಿಸುವವಳು. ಕೋಣೆಯಲ್ಲಿ ಸಿಕ್ಕ ಕರವಸ್ತ್ರವನ್ನು ಕ್ಯಾಸಿಯೊ ಅವಳಿಗೆ ಕೊಟ್ಟು, ಈ ಕಸೂತಿಯಂತೆಯೇ ಇನ್ನೊಂದು ತೆಗೆದುಕೊಡು ಎನ್ನುತ್ತಾನೆ. ಅವಳಿಗೂ ಹೊಟ್ಟೆ ಉರಿಯುತ್ತದೆ. ಇದು ಯಾವಳದ್ದು, ಎಲ್ಲಿಂದ ಬಂತು ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾಳೆ. ಆಮೇಲೆ ಬೀದಿಯಲ್ಲೇ ಅದನ್ನು ಅವನಿಗೆ ಹಿಂದಕ್ಕೆ ಕೊಟ್ಟು ಬೈಯುತ್ತಾಳೆ. ಬೈದು, ರಾತ್ರಿ ಊಟಕ್ಕೆ ಬರುವುದಾದರೆ ಬಾ ಎಂದೂ ಹೇಳಿಹೋಗುತ್ತಾಳೆ! ಅದೇ ಕರವಸ್ತ್ರ, ಅದೇ ಹೊಟ್ಟೆಕಿಚ್ಚು. ಇಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಮರೆಯಲ್ಲಿ ನಿಂತು ಇದನ್ನು ನೋಡುವ ಒಥೆಲೊಗೆ ಕಾಣುವುದು ಕರವಸ್ತ್ರ ಒಂದೇ.

ಇಯಾಗೊನ ಹೆಂಡತಿ ಎಮಿಲಿಯಾಳ ಮೇಲೆ ನನಗೆ ಕೋಪವೂ ಇದೆ, ಮರುಕವೂ ಇದೆ. ಬಿದ್ದ ಕರವಸ್ತ್ರ ಎತ್ತಿ ಗಂಡನಿಗೆ ಕೊಟ್ಟವಳು ಅವಳೇ. ಅವನು ಬಹಳ ದಿನದಿಂದ ಕೇಳುತ್ತಿದ್ದ, ಕೊಟ್ಟರೆ ಸಂತೋಷಪಟ್ಟಾನು ಎಂಬ ಆಸೆ. ಅದು ಎಲ್ಲಿ ಹೋಯಿತೋ ಎಂದು ಡೆಸ್ಡಿಮೋನಾ ಕೇಳಿದಾಗ ಗೊತ್ತಿಲ್ಲ ಎಂದುಬಿಟ್ಟಳು. ಒಥೆಲೊ ಅಬ್ಬರಿಸಿದ್ದನ್ನು ನೋಡಿಯೂ ಸುಮ್ಮನಿದ್ದಳು. ಒಡತಿಯ ಹೆಣದ ಮುಂದೆ ನಿಂತಾಗ ಬಾಯಿ ಬಂತು. ಅಲ್ಲೇ ಗಂಡನ ಕತ್ತಿಯೂ ಬಂತು.

'ಅವನು ಕಣ್ಣಾರೆ ಕಂಡಿದ್ದರೆ?' ಎಂದು ತಾಯಿ ಕೇಳಿದರು. ಅದಕ್ಕೂ ನಮ್ಮಲ್ಲೇ ಒಂದು ಕಥೆಯಿದೆ. ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ'. ಅಮೃತಮತಿ ರಾಣಿ ರಾತ್ರಿ ಕೇಳಿದ ಹಾಡಿಗೆ ಮನಸೋತು ಕುರೂಪಿಯಾದ ಮಾವುತನ ಬೆನ್ನು ಹತ್ತಿದ್ದಾಳೆ. ಗಂಡ ಯಶೋಧರ ಹಿಂದೆಯೇ ಹೋಗಿ ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತುತ್ತಾನೆ, ಇಂಥವರ ಮೇಲೆ ಪ್ರಯೋಗಿಸಬೇಕೇ ಎಂದು ಇಳಿಸುತ್ತಾನೆ. ಒಥೆಲೊಗಿಂತ ಎಷ್ಟೋ ಮೇಲು ಎನಿಸುತ್ತದೆ, ಅಲ್ಲವೇ? ಆದರೆ ಬೆಳಗಾದ ಮೇಲೆ ಹೆಂಡತಿಯ ಜತೆ ಆ ಮಾತಿಲ್ಲ. ತಾಯಿ ಕೇಳಿದರೆ ನಿಜ ಹೇಳಲಾರದೆ, ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಕನಸಿನ ದೋಷಕ್ಕೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವಹಿಂಸೆ ಬೇಡವೆಂದು ಹಿಟ್ಟಿನ ಕೋಳಿ ಮಾಡಿಸಿದರೆ ಆ ಹಿಟ್ಟಿನ ಕೋಳಿಯೇ ಕೂಗುತ್ತದೆ. ಕೊನೆಗೆ ತಾಯಿ ಮಗ ಇಬ್ಬರೂ ಅಮೃತಮತಿ ಇಟ್ಟ ವಿಷಕ್ಕೆ ಸಾಯುತ್ತಾರೆ, ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಜನ್ನನ ಗುರಿ ಹಿಂಸೆಯ ಸಂಕಲ್ಪವೂ ಪಾಪವೆಂದು ತೋರಿಸುವುದು, ಅದು ಜೈನ ಕಾವ್ಯ. ನನಗೆ ಮಾತ್ರ ಪ್ರತಿ ಸಲ ಓದುವಾಗಲೂ ಆ ಬೆಳಗಿನ ಹೊತ್ತೇ ಕಾಡುತ್ತದೆ. ಕತ್ತಿ ಇಳಿಸಿದ ಕೈಗೆ ಬಾಯಿ ಜತೆಗೂಡಲಿಲ್ಲ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ಪುಸ್ತಕದ ಕೊನೆಯ ಹಾಳೆಗಳನ್ನು ತಿರುವುತ್ತಿದ್ದಳು. "ಸರ್, ಇಲ್ಲಿ ಕೇಳ್ತಾನೆ!" ಎಂದಳು. ತಾಯಿಯೂ ಬಗ್ಗಿ ನೋಡಿದರು.

ಹೌದು, ಕೇಳುತ್ತಾನೆ. ಐದನೆಯ ಅಂಕದ ಕೊನೆಯ ದೃಶ್ಯ. ಡೆಸ್ಡಿಮೋನಾ ಹಾಸಿಗೆಯ ಮೇಲೆ ಸತ್ತು ಮಲಗಿದ್ದಾಳೆ. ಎಮಿಲಿಯಾ ಸತ್ತಿದ್ದಾಳೆ. ಸಾಯದೆ ಉಳಿದ ಕ್ಯಾಸಿಯೊನನ್ನು ಗಾಯದ ಕಾಲಿನಲ್ಲೇ ಎತ್ತಿಕೊಂಡು ತಂದಿದ್ದಾರೆ. ಒಥೆಲೊ ಅವನನ್ನು ಕೇಳುತ್ತಾನೆ, ನನ್ನ ಹೆಂಡತಿಯ ಆ ಕರವಸ್ತ್ರ ನಿನಗೆ ಹೇಗೆ ಬಂತು ಎಂದು. ನನ್ನ ಕೋಣೆಯಲ್ಲಿ ಬಿದ್ದಿತ್ತು, ಇಯಾಗೊ ತಾನೇ ಹಾಕಿದ್ದೆಂದು ಈಗಷ್ಟೆ ಒಪ್ಪಿಕೊಂಡಿದ್ದಾನೆ ಎನ್ನುತ್ತಾನೆ ಕ್ಯಾಸಿಯೊ. ಹೇಳಿ ಮುಗಿಸಲು ಅವನಿಗೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.